ರಾಗದ ಒಗಟು: ನಿಮ್ಮ ಮಂದಿಗೆ ಯಾವ ಬಗೆ ಹೊಂದುತ್ತದೆ?

ಗಣೇಶನ ಹಬ್ಬ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ. "ಈ ಸಲ ಪೆಂಡಾಲಿನಲ್ಲಿ ಸಂಗೀತದ ಕ್ವಿಜ್ ಇಡಬೇಕು ಅಂತಿದ್ದೀವಿ. ಸುಮ್ನೆ ಯಾರು, ಎಲ್ಲಿ, ಯಾವಾಗ ಅಂತ ಕೇಳೋದು ಬೇಡ. ಸ್ವಲ್ಪ ತಲೆ ಕೆರೆದುಕೊಳ್ಳುವಂಥ ಒಗಟು ಬೇಕು. ಯಾವ ಥರದ್ದು ಇಡೋಣ?" ಸಂಗೀತ ಶಾಲೆಯವರು ವಾರ್ಷಿಕೋತ್ಸವಕ್ಕೆ ಕೇಳುತ್ತಾರೆ. ಭಜನಾ ಮಂಡಳಿಯವರು ಆರಾಧನೆಗೆ ಕೇಳುತ್ತಾರೆ. ವಾಟ್ಸಾಪ್ ಗುಂಪಿನವರು ದಿನಕ್ಕೊಂದು ಹಾಕಲು ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಭೀಮಸೇನ ಜೋಶಿಯವರಿಗೆ ಭಾರತ ರತ್ನ ಘೋಷಣೆಯಾದ ವರ್ಷ ಯಾವುದು ಅಂತ ಕೇಳಿ ನೋಡಿ. ನೀವು ಪ್ರಶ್ನೆ ಮುಗಿಸುವುದರೊಳಗೆ ಮೂರನೇ ಸಾಲಿನ ಹುಡುಗ ಮೊಬೈಲ್ ನೋಡಿ 2008 ಅಂತ ಕೂಗಿರುತ್ತಾನೆ. ಅವನಿಗೂ ಖುಷಿಯಿಲ್ಲ, ನಿಮಗೂ ಇಲ್ಲ.

ಅದರ ಮೇಲೆ ನಮ್ಮ ಭಾಗದ್ದೇ ಒಂದು ಪೇಚು ಇದೆ. ಬಳ್ಳಾರಿಯಲ್ಲಿ ಹತ್ತು ಜನ ಸಂಗೀತಪ್ರಿಯರನ್ನು ಕೂರಿಸಿದರೆ ಅರ್ಧ ಜನ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಿಂದ ಶುರು ಮಾಡಿದವರು, ಉಳಿದರ್ಧ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ಹಿಂದುಸ್ತಾನಿ ಕಲಿತವರು ಅಥವಾ ಕೇಳಿ ಬೆಳೆದವರು. ರಾಯಚೂರು, ಮಾನ್ವಿ ಕಡೆ ಹೋದರೆ ರಾಗದ ಹೆಸರು ಗೊತ್ತಿಲ್ಲದಿದ್ದರೂ ದಾಸರ ಪದ ಬಾಯಿಪಾಠ ಇರುವ ತಾಯಂದಿರೇ ಜಾಸ್ತಿ. ಕೊಪ್ಪಳದ ಹಳ್ಳಿಗಳಲ್ಲಿ ಹಾರ್ಮೋನಿಯಂ, ತಬಲಾ, ತತ್ವಪದ. ಒಬ್ಬರಿಗೆ ಬೆಲ್ಲವಾದ ಒಗಟು ಪಕ್ಕದವರಿಗೆ ಕಬ್ಬಿಣದ ಕಡಲೆ. ಹಾಗಾಗಿ "ಒಳ್ಳೆಯ ಒಗಟು ಯಾವುದು" ಅಂತ ಕೇಳಿದರೆ ನಾನು ತಿರುಗಿ "ಯಾರಿಗೆ" ಅಂತಲೇ ಕೇಳುತ್ತೇನೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲು ನೋಡಬೇಕಾದದ್ದು ಬಿಡಿಸುವವರ ಕಿವಿಯಲ್ಲಿ ಈಗಾಗಲೇ ಏನಿದೆ ಅಂತ. ರಾಗದ ಹೆಸರು ಇದೆಯೋ, ಸ್ವರ ಇದೆಯೋ, ಬರೀ ಹಾಡು ಇದೆಯೋ. ಒಗಟು ಬರೆಯುವವರು ತಮ್ಮ ಜಾಣತನ ತೋರಿಸಲು ಹೊರಟಾಗಲೇ ಕೆಡುವುದು.

ಎರಡನೆಯದು, ಉತ್ತರ ಒಂದೇ ಇರಬೇಕು. ಕೇಳಲು ಸುಲಭ, ಆದರೆ ಎರಡು ಪದ್ಧತಿ ಕೂಡಿದ ಊರಲ್ಲಿ ಜಗಳ ಹುಟ್ಟುವುದು ಇಲ್ಲೇ. "ರೂಪಕ ತಾಳಕ್ಕೆ ಎಷ್ಟು ಎಣಿಕೆ?" ಅಂತ ಕೇಳಿದಿರಿ ಅನ್ನಿ. ಮೃದಂಗದವರು ಆರು ಅನ್ನುತ್ತಾರೆ, ತಬಲಾದವರು ಏಳು ಅನ್ನುತ್ತಾರೆ. ಇಬ್ಬರೂ ಸರಿ. ಏಕತಾಳವೂ ಹೀಗೇ. ಕರ್ನಾಟಕ ಸಂಗೀತದಲ್ಲಿ ಸಾಮಾನ್ಯವಾಗಿ ನಾಲ್ಕು, ಹಿಂದುಸ್ತಾನಿಯಲ್ಲಿ ಹನ್ನೆರಡು. ರಾಗದ ಹೆಸರುಗಳು ಇನ್ನೂ ಕಿತಾಪತಿ. ಕರ್ನಾಟಕದ ಹಿಂದೋಳಕ್ಕೆ ಹಿಂದುಸ್ತಾನಿಯಲ್ಲಿ ಮಾಲಕಂಸ ಅನ್ನುತ್ತಾರೆ. ಅಲ್ಲಿಯೇ ಹಿಂದೋಲ್ ಅಂತ ಬೇರೆ ರಾಗವೂ ಇದೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿಗೆ ಹೊಂದುತ್ತವೆ, ಹಿಂದುಸ್ತಾನಿಯ ತೋಡಿಯದ್ದು ಶುಭಪಂತುವರಾಳಿಗೆ. ಇನ್ನು ಕರ್ನಾಟಕದ ಭೈರವಿ ಇವೆರಡಕ್ಕೂ ಸೇರಿದ್ದಲ್ಲ. ಹೆಸರು ನಂಬಿ ಒಗಟು ಕಟ್ಟಿದರೆ ಪೆಂಡಾಲಿನಲ್ಲಿ ವಾದ ಮುಗಿಯುವುದರೊಳಗೆ ಮಂಗಳಾರತಿಯ ಹೊತ್ತಾಗಿರುತ್ತದೆ.

ಮೂರನೆಯದು ಮೊಬೈಲ್. ಒಗಟನ್ನು ಹಾಗೇ ಟೈಪ್ ಮಾಡಿದರೆ ಉತ್ತರ ಸಿಗಬಾರದು. ಅರ್ಧ ಬಿಡಿಸಿದ ಮೇಲೆ ಮೊಬೈಲ್ ಸಹಾಯಕ್ಕೆ ಬಂದರೆ ಪರವಾಗಿಲ್ಲ. ನಾಲ್ಕನೆಯದು ನಿಮ್ಮ ಹತ್ತಿರ ಇರುವ ಹೊತ್ತು ಮತ್ತು ದುಡ್ಡು. ಕೊನೆಯದಾಗಿ, ಉತ್ತರ ಹೇಳಿದಾಗ ಸೋತವರೂ "ಅಯ್ಯೋ, ಹೌದಲ್ವಾ" ಅನ್ನಬೇಕು. "ಇದು ನಮಗೆಲ್ಲಿ ಗೊತ್ತಾಗಬೇಕು" ಅಂದರೆ ಆ ಒಗಟು ಬಿದ್ದುಹೋಯಿತು ಅಂತಲೇ ಲೆಕ್ಕ.

ಎರಡರ್ಥದ ಒಗಟು

ಖರ್ಚಿಲ್ಲ, ಸಲಕರಣೆ ಬೇಡ, ಸಂಗೀತ ಕಲಿಯದವರಿಗೂ ದಕ್ಕುತ್ತದೆ. ರಾಗದ ಹೆಸರಿಗೆ ಮಾಮೂಲು ಮಾತಿನಲ್ಲೂ ಒಂದು ಅರ್ಥ ಇದ್ದರೆ ಒಗಟು ಅರ್ಧ ಸಿದ್ಧ.

"ಹೋಟೆಲಿನಲ್ಲಿ ಕೇಳಿದರೆ ಬಿಸಿ, ಕಛೇರಿಯಲ್ಲಿ ಕೇಳಿದರೆ ರಾಗ." ಉತ್ತರ ಕಾಫಿ. ಇಲ್ಲಿ ಕೆಲಸ ಮಾಡುವುದು 'ಕೇಳು' ಅನ್ನುವ ಕ್ರಿಯಾಪದ. ಬಿಡಿಸುವವರು ಹೋಟೆಲು, ಕಛೇರಿ ಅಂತ ಹಿಂದೆ ಬೀಳುತ್ತಾರೆ, ಎರಡು ಸಲ ಬಂದ ಕ್ರಿಯಾಪದವನ್ನು ನೋಡುವುದೇ ಇಲ್ಲ. "ಬಾವಿ ಬೇಕಾದರೆ ಏನು ಮಾಡಿ? ಬೆಳಿಗ್ಗೆ ಹಾಡಿ" ಅಂದರೆ ತೋಡಿ. ಬೆಳಗಿನ ರಾಗ ಅಂದ ಕೂಡಲೇ ಇದು ಹಿಂದುಸ್ತಾನಿಯ ತೋಡಿ ಅಂತ ಗಟ್ಟಿಯಾಯಿತು, ವಾದಕ್ಕೆ ಜಾಗ ಇಲ್ಲ. "ಕವಿಗೆ ಅಲಂಕಾರ, ಮೃದಂಗದವರಿಗೆ ಲೆಕ್ಕ" ಅಂದರೆ ರೂಪಕ. ಎಣಿಕೆ ಎಷ್ಟು ಅಂತ ಕೇಳದೆ ಹೆಸರನ್ನಷ್ಟೇ ಕೇಳಿದ್ದರಿಂದ ಆರು–ಏಳರ ಜಗಳವೂ ತಪ್ಪಿತು.

ಇದರದ್ದೇ ಇನ್ನೊಂದು ಕವಲು ಅಡಗಿಸುವ ಒಗಟು. ಎರಡು ಪದಗಳ ನಡುವೆ ರಾಗವನ್ನು ಬಚ್ಚಿಡುವುದು. "ಕೂತು ಕೂತು ಸಾಕಾ? ನಡ ನೋವಾ? ಒಳಗೆ ದರ್ಬಾರು ನಡೆಸುವವನು ಕೂತಿದ್ದಾನೆ." 'ಸಾಕಾ ನಡ' ಅನ್ನುವುದರೊಳಗೆ ಕಾನಡ ಇದೆ, ದರ್ಬಾರು ಅಂದದ್ದು ದರ್ಬಾರಿ ಕಾನಡಕ್ಕೆ ಸುಳಿವು. ಇಂಥದೇ ಇನ್ನೊಂದು: "ಯಾವಾಗ ಬಂತೋ ಡಿಸೆಂಬರ್! ನಡುವೆಯೇ ರಾಗ ಕೇಳಿಸುತ್ತಿದೆ." ಬಂತೋ, ಡಿಸೆಂಬರ್, ನಡುವೆ ತೋಡಿ.

ಬರೆಯುವವರಿಗೆ ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಕನ್ನಡದಲ್ಲಿ ಅಕ್ಷರ ಅಂದರೆ ಕಾಗುಣಿತ ಸಮೇತ. ಕಾ ಇರುವ ಕಡೆ ಕ ನಡೆಯುವುದಿಲ್ಲ, ಡ ಇರುವ ಕಡೆ ಡೆ ನಡೆಯುವುದಿಲ್ಲ. ಒತ್ತಕ್ಷರ ಬಂದರೆ ಅದನ್ನು ಒಡೆಯಬಾರದು. ಜೊತೆಗೆ 'ಒಳಗೆ', 'ನಡುವೆ', 'ಅಡಗಿದೆ' ಅನ್ನುವ ಮಾತು ಎಲ್ಲಾದರೂ ಬರಲೇಬೇಕು. ಇಲ್ಲದಿದ್ದರೆ ಅದು ಮೋಸ. ಬಿಡಿಸುವವರಿಗೆ ಹೇಳುವುದಾದರೆ, ವಾಕ್ಯ ಸ್ವಲ್ಪ ಅಸಹಜವಾಗಿ ಕಂಡ ಕಡೆ ಬೆರಳಿಡಿ. ಸಾಕಾ ಆದ ಮೇಲೆ ಥಟ್ಟನೆ ನಡ ಯಾಕೆ ಬಂತು ಅನ್ನುವ ಅನುಮಾನವೇ ದಾರಿ ತೋರಿಸುತ್ತದೆ.

ಅಡಗಿಸುವ ಒಗಟನ್ನು ಮೈಕಿನಲ್ಲಿ ಓದಿದರೆ ಅರ್ಧ ಸಪ್ಪೆ, ಬೋರ್ಡಿನ ಮೇಲೆ ಬರೆದೇ ತೋರಿಸಬೇಕು. ಕಾಫಿ, ತೋಡಿ ಥರದ್ದು ಇದಕ್ಕೆ ತದ್ವಿರುದ್ಧ, ಕಿವಿಗೆ ಬಿದ್ದರೇ ಚಂದ. ಈ ಬಗೆಯ ಕೊರತೆ ಅಂದರೆ ಸರಕು ಬೇಗ ಮುಗಿಯುತ್ತದೆ. ಎರಡರ್ಥ ಬರುವ ರಾಗದ ಹೆಸರುಗಳು ಬೆರಳೆಣಿಕೆಯಷ್ಟು. ಒಂದು ಸಂಜೆಗೆ ಸಾಕು, ಒಂದು ತಿಂಗಳಿಗೆ ಸಾಲದು.

ಸ್ವರ ಕಳೆದ ಒಗಟು

ನನ್ನನ್ನು ಕೇಳಿದರೆ ನಮ್ಮ ಮೂರು ಜಿಲ್ಲೆಗೂ ಹೇಳಿ ಮಾಡಿಸಿದ್ದು ಇದು. ಸ, ರಿ, ಗ, ಮ, ಪ, ದ, ನಿ. ಈ ಏಳೇ ಅಕ್ಷರಗಳಲ್ಲಿ ಕನ್ನಡದ ಎಷ್ಟೊಂದು ಪದಗಳಿವೆ ನೋಡಿ: ಸರಿ, ಗರಿ, ಮಗ, ಪದ, ದನಿ, ಮದ, ನಿಗಮ. ಮನೆಗೆ ನಮ್ಮ ಕಡೆ ಅನ್ನುವ 'ಮನಿ'ಯೂ ಸೇರಿತು. ಐದೇ ಸ್ವರ ಇರುವ ರಾಗ ತೆಗೆದುಕೊಂಡು, ಅದರಲ್ಲಿ ಇಲ್ಲದ ಎರಡು ಸ್ವರಗಳಿಂದ ಒಂದು ಪದ ಮಾಡಿದರೆ ಒಗಟು ತಾನಾಗಿ ಹುಟ್ಟುತ್ತದೆ.

ಮೋಹನದ ಸ್ವರಗಳು ಸ ರಿ ಗ ಪ ದ. ಇಲ್ಲದ್ದು ಮ ಮತ್ತು ನಿ. ಆದ್ದರಿಂದ: "ಮೋಹನನಿಗೆ ಮನಿ ಇಲ್ಲ. ಯಾಕೆ?" ಹಿಂದುಸ್ತಾನಿಯವರಿಗೆ ಇದೇ ಒಗಟು ಇನ್ನೂ ಚೆನ್ನಾಗಿ ಕೂರುತ್ತದೆ. ಮೋಹನಕ್ಕೆ ಅಲ್ಲಿ ಭೂಪಾಲಿ ಅನ್ನುತ್ತಾರಲ್ಲ, "ಊರೆಲ್ಲ ಆಳುವ ಭೂಪಾಲಿಗೆ ಮನಿ ಇಲ್ಲ" ಅಂದರಾಯಿತು. ಗಣೇಶನ ಪೆಂಡಾಲಿಗಂತೂ ಹಂಸಧ್ವನಿ ಇದೆ. ಅದರಲ್ಲಿ ಮ, ದ ಇಲ್ಲ. "ವಾತಾಪಿ ಗಣಪತಿಯನ್ನು ಹೊತ್ತು ಮೆರೆದರೂ ಈ ಹಂಸಕ್ಕೆ ಮದ ಇಲ್ಲ." ವಾತಾಪಿ ಗಣಪತಿಂ ಕೃತಿ ಹಂಸಧ್ವನಿಯಲ್ಲಿದೆ ಅಂತ ಕಲಿತವರಿಗೆ ಗೊತ್ತು. ಕಲಿಯದವರಿಗೆ ಮದದ ಸುಳಿವು ಸಾಕು.

ನನಗೆ ತುಂಬಾ ಇಷ್ಟದ್ದು ಇದು: "ಮಧ್ಯಮಾವತಿ ಅನ್ನುವ ರೈಲು ಬಳ್ಳಾರಿಯಿಂದ ಹೊರಟಿತು. ಹೊಸಪೇಟೆ, ಕೊಪ್ಪಳ ಎಲ್ಲ ಕಡೆ ನಿಂತಿತು. ಗದಗದಲ್ಲಿ ಮಾತ್ರ ನಿಲ್ಲಲಿಲ್ಲ. ಯಾಕೆ?" ಮಧ್ಯಮಾವತಿಯಲ್ಲಿ ಗ ಇಲ್ಲ, ದ ಇಲ್ಲ, ಗದಗ ಎಲ್ಲಿಂದ ಬರಬೇಕು? ದಿನಾ ಆ ಹಾದಿಯಲ್ಲಿ ಓಡಾಡುವವರಿಗೆ ಉತ್ತರ ಗೊತ್ತಾದ ಮೇಲೆ ನಗು ತಡೆಯಲಾಗುವುದಿಲ್ಲ.

ಈ ಬಗೆಯಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ರಾಗದ ಹೆಸರನ್ನು ಕೊಟ್ಟು ಕಾರಣ ಕೇಳಿ. ಕಾರಣ ಕೊಟ್ಟು ರಾಗ ಕೇಳಬೇಡಿ. "ಗದಗಕ್ಕೆ ಹೋಗದ ರಾಗ ಯಾವುದು?" ಅಂದರೆ ಮಧ್ಯಮಾವತಿಯೂ ಸರಿ, ರೇವತಿಯೂ ಸರಿ, ಬೃಂದಾವನಿ ಸಾರಂಗವೂ ಸರಿ. "ಮನಿ ಇಲ್ಲದ್ದು" ಅಂದರೆ ಶಿವರಂಜನಿಯೂ ಎದ್ದು ನಿಲ್ಲುತ್ತದೆ. ರಾಗವನ್ನೇ ಕೇಳಬೇಕು ಅನ್ನಿಸಿದರೆ, ಭೂಪಾಲಿಗೆ ಆಳುವವನು ಅಂತ ಇಟ್ಟ ಹಾಗೆ ಹೆಸರಿನ ಕಡೆಗೂ ಒಂದು ಸುಳಿವು ಇಡಬೇಕು.

ಇನ್ನೊಂದು ಕಾಗುಣಿತದ್ದು. ಶುದ್ಧ ಸಾವೇರಿಯಲ್ಲಿ ಗ, ನಿ ಇಲ್ಲ. "ಬಳ್ಳಾರಿಯಲ್ಲಿ ಎಷ್ಟು ಬೇಕಾದರೂ ಇದೆ, ಶುದ್ಧ ಸಾವೇರಿಯಲ್ಲಿ ಒಂದೂ ಇಲ್ಲ. ಏನು?" ಗಣಿ ಅಂತ ಹೇಳಲು ಬಾಯಿ ತುರಿಸುತ್ತದೆ. ಆದರೆ ಸ್ವರ ನಿ, ಗಣಿಯಲ್ಲಿರುವುದು ಣಿ. ಮೈಕಿನಲ್ಲಿ ನಗುತ್ತಾ ಹೇಳಿದರೆ ಜನ ಒಪ್ಪುತ್ತಾರೆ, ಹಾಳೆಯ ಮೇಲೆ ಅಚ್ಚಾಗಿ ಬಂದರೆ ಕನ್ನಡ ಮೇಷ್ಟ್ರು ಕೆಂಪು ಪೆನ್ನು ತೆಗೆಯುತ್ತಾರೆ. ದ ಮತ್ತು ಧ ವಿಷಯದಲ್ಲಿ ಇಷ್ಟು ಬಿಗಿ ಬೇಡ. ಅದು ಧೈವತವೇ ಆದರೂ ಸ್ವರ ಹಾಡುವಾಗ ಕರ್ನಾಟಕ ಸಂಗೀತದವರು ಸಾಮಾನ್ಯವಾಗಿ ದ ಅನ್ನುತ್ತಾರೆ. ಆದರೂ ಮೊದಲೇ "ಧೈವತಕ್ಕೆ ದ" ಅಂತ ಒಂದು ಸಾಲು ಹೇಳಿಬಿಡಿ.

ಮೊಬೈಲ್ ಇಲ್ಲಿ ತಬ್ಬಿಬ್ಬು. ಮಧ್ಯಮಾವತಿ ಎಕ್ಸ್‌ಪ್ರೆಸ್ ಅಂತ ಹುಡುಕಿದರೆ ಏನು ಸಿಗಬೇಕು ಹೇಳಿ? ಎರಡೂ ಪದ್ಧತಿಯವರಿಗೆ ಸ್ವರಗಳು ಒಂದೇ ಆದ್ದರಿಂದ ಯಾರಿಗೂ ಅನ್ಯಾಯವಿಲ್ಲ. ಸರಿಗಮ ಕೇಳಿಯೇ ಇಲ್ಲದ ಕನ್ನಡಿಗರು ಸಿಗುವುದು ಕಷ್ಟ.

ಸಂಖ್ಯೆಯ ಒಗಟು

ಇದು ಕಟಪಯಾದಿ ಲೆಕ್ಕ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಿಗೆ, ಅಂದರೆ ಬೇರೆ ರಾಗಗಳಿಗೆ ತಾಯಿಯಂತಿರುವ ರಾಗಗಳಿಗೆ, ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಸಂಖ್ಯೆ ಅಡಗಿದೆ. ಕ ದಿಂದ ಝ ವರೆಗೆ 1ರಿಂದ 9, ಞ 0. ಟ ದಿಂದ ಧ ವರೆಗೆ ಮತ್ತೆ 1ರಿಂದ 9, ನ 0. ಪ ದಿಂದ ಮ ವರೆಗೆ 1ರಿಂದ 5. ಯ ದಿಂದ ಹ ವರೆಗೆ 1ರಿಂದ 8. ಎರಡು ಅಂಕಿ ಬರೆದು ತಿರುಗಿಸಿ. ಮಾಯಾಮಾಳವಗೌಳ: ಮಾ 5, ಯಾ 1, ತಿರುಗಿಸಿದರೆ 15. ಧೀರಶಂಕರಾಭರಣ: ಧೀ 9, ರ 2, ತಿರುಗಿಸಿದರೆ 29. ಮೇಚಕಲ್ಯಾಣಿ 65. ಹನುಮತೋಡಿ 8. ಶಂಕರಾಭರಣಕ್ಕೆ 'ಧೀರ', ಕಲ್ಯಾಣಿಗೆ 'ಮೇಚ' ಅಂಟಿಕೊಂಡದ್ದೇ ಈ ಲೆಕ್ಕ ಕೂರಿಸಲು.

ಒಗಟು ಹೀಗೆ ಬರುತ್ತದೆ. "ಫೆಬ್ರವರಿ ನಾಲ್ಕು ವರ್ಷಕ್ಕೊಮ್ಮೆ ಹಾಡುವ ರಾಗ." 29, ಶಂಕರಾಭರಣ. "ಆಗಸ್ಟಿನಲ್ಲಿ ಬಾವುಟ ಹಾರಿಸುವ ದಿನ ಮಕ್ಕಳು ಕಲಿಯುವ ಮೊದಲ ರಾಗ." 15, ಮಾಯಾಮಾಳವಗೌಳ. ಪಾಠ ಈ ರಾಗದಿಂದಲೇ ಶುರುವಾಗಬೇಕು ಅನ್ನುವ ಕ್ರಮ ಪುರಂದರದಾಸರದ್ದು ಅಂತ ಪರಂಪರೆ ಹೇಳುತ್ತದೆ. ಹಾಗಾಗಿ ಒಂದೇ ವಾಕ್ಯದಲ್ಲಿ ಎರಡು ಸುಳಿವು ಆಯಿತು. ಸ್ವಲ್ಪ ಗಟ್ಟಿಯಾಗಬೇಕು ಅಂದರೆ 36 ಕೂಡಿಸಿ. ಮೊದಲ 36 ಮೇಳಗಳದ್ದು ಶುದ್ಧ ಮಧ್ಯಮ (ತಗ್ಗಿನ ಮ), ಆಮೇಲಿನ 36 ಮೇಳಗಳದ್ದು ಪ್ರತಿ ಮಧ್ಯಮ (ಏರಿದ ಮ). 29ಕ್ಕೆ 36 ಸೇರಿಸಿದರೆ 65. ಅಂದರೆ ಶಂಕರಾಭರಣದ ಮಧ್ಯಮ ಒಂದನ್ನು ಬದಲಿಸಿದರೆ ಕಲ್ಯಾಣಿ. "ಶಂಕರನ ಒಡವೆಯ ನಡುವಿನ ಮಣಿ ಬದಲಿಸಿದೆ, ಮದುವೆಯಾಯಿತು" ಅಂತ ಬರೆದು ನೋಡಿ. ಒಳ್ಳೆಯ ಶಿಷ್ಯರು ಇದಕ್ಕೆ ಕೂತಲ್ಲೇ ಕುಣಿಯುತ್ತಾರೆ.

ನಮ್ಮ ಕಡೆ ಮಾತ್ರ ಆಗಬಹುದಾದ ಒಂದು ಎಡವಟ್ಟು ಹೇಳುತ್ತೇನೆ. "ಭಾರತಕ್ಕೆ ಎಷ್ಟು ಪರ್ವವೋ ಅಷ್ಟನೆಯ ಮೇಳ" ಅಂತ ಕೇಳಿದರೆ ಬರೆದವರ ಮನಸ್ಸಿನಲ್ಲಿ 18, ಹಾಟಕಾಂಬರಿ. ಆದರೆ ಗದುಗಿನ ಭಾರತ ಓದಿ ಬೆಳೆದ ಅಜ್ಜ ಎದ್ದು ನಿಂತು "ಹತ್ತೇ ಪರ್ವ" ಅನ್ನುತ್ತಾರೆ. ಕುಮಾರವ್ಯಾಸ ಬರೆದದ್ದು ಹತ್ತೇ ಪರ್ವ, ನಿಜ ತಾನೇ? ಹತ್ತನೆಯ ಮೇಳ ನಾಟಕಪ್ರಿಯ. ನಾಟಕದ ಊರಾದ ಬಳ್ಳಾರಿಯಲ್ಲಿ ಅಜ್ಜನಿಗೇ ಚಪ್ಪಾಳೆ ಬೀಳುತ್ತದೆ. "ಕುರುಕ್ಷೇತ್ರದಲ್ಲಿ ಎಷ್ಟು ದಿನ ಯುದ್ಧವೋ" ಅಂತ ಬದಲಿಸಿದರೆ ತಂಟೆಯಿಲ್ಲ.

ಕಟಪಯಾದಿಯಲ್ಲಿ ಕೆಲವು ಹೆಸರು ಸೊಟ್ಟ. ಮಾಮೂಲಾಗಿ ನಟಭೈರವಿ ಅಂತ ಬರೆದರೆ ಟ 1, ಲೆಕ್ಕ 10 ಆಗಿಬಿಡುತ್ತದೆ. ಅದರ ಸಂಖ್ಯೆ 20, ಹೆಸರು ನಠಭೈರವಿ. ಚಕ್ರವಾಕದಲ್ಲಿ ಒತ್ತಕ್ಷರದ ಕ ಹಿಡಿದರೆ 16, ರ ಹಿಡಿದರೆ 26. ಸರಿಯಾದದ್ದು 16, 26 ಚಾರುಕೇಶಿಯದ್ದು. ಒತ್ತಕ್ಷರ ಬರುವ ಹೆಸರುಗಳನ್ನು ಮೊದಮೊದಲು ಬಿಟ್ಟುಬಿಡಿ.

ಇಷ್ಟೆಲ್ಲ ಚಂದ ಇದ್ದರೂ ಇದು ಎಲ್ಲರ ಒಗಟಲ್ಲ. ಹಿಂದುಸ್ತಾನಿಯವರು, ಭಜನೆಯವರು ಸುಮ್ಮನೆ ಕೂರಬೇಕಾಗುತ್ತದೆ. ಕರ್ನಾಟಕ ಸಂಗೀತ ಕಲಿಸುವ ಶಾಲೆಗೆ, ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಮಾತ್ರ ಇಡಿ. ಅವರಿಗೆ ಕಟಪಯಾದಿ ಪಟ್ಟಿಯನ್ನು ಹಾಳೆಯ ಕೆಳಗೆ ಕೊಟ್ಟೇ ಇಡಿ. ಪಟ್ಟಿ ಕಂಠಪಾಠ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ ಬೇರೆ ಪರೀಕ್ಷೆಗಳಿವೆ.

ಕೊಂಡಿಯ ಒಗಟು

ನಾಲ್ಕು ಸುಳಿವು, ನಾಲ್ಕನ್ನೂ ಕಟ್ಟುವ ಒಂದು ಉತ್ತರ. ರಾಯಚೂರಿನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ದಾಸರ ನೆಲ ಅದು, ಸರಕು ಮನೆ ಬಾಗಿಲಲ್ಲೇ ಬಿದ್ದಿದೆ.

"ಚೀಕಲಪರ್ವಿ, ಮೊಸರಕಲ್ಲು, ಮಾನ್ವಿ, ಹಂಪಿ. ನಾಲ್ಕು ಊರಿನ ಹಾಡೂ ಒಬ್ಬನ ಹೆಸರಲ್ಲೇ ಮುಗಿಯುತ್ತದೆ." ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನ್ವಿ, ಪುರಂದರದಾಸರ ಹಂಪಿ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಪುರಂದರವಿಠಲ. ಉತ್ತರ ವಿಠಲ. ಒಂದು ಊರು ಗೊತ್ತಾದರೆ ಮಿಕ್ಕವು ಒಂದರ ಹಿಂದೊಂದು ಬರುತ್ತವೆ. ಪುರಂದರದಾಸರಿಗೆ ಹುಟ್ಟಿದ ಊರು ಇಡದೆ ಹಂಪಿಯನ್ನೇ ಇಟ್ಟದ್ದಕ್ಕೆ ಕಾರಣ ಇದೆ. ಹುಟ್ಟಿದ್ದು ಪುರಂದರಗಡವೋ ಮಲೆನಾಡಿನ ಆರಗವೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಚರ್ಚೆ ಇರುವ ಸಂಗತಿಯನ್ನು ಒಗಟಿಗೆ ತರಬಾರದು.

ಅಂಕಿತದಿಂದ ಒಂಟಿ ಒಗಟೂ ಹುಟ್ಟುತ್ತದೆ. "ಸಂಡೂರಿನ ಬೆಟ್ಟದ ದೇವರನ್ನು ಪ್ರತಿ ಕೃತಿಯಲ್ಲೂ ಸಹಿ ಮಾಡಿಸಿದವರು ಯಾರು?" ಸಂಡೂರಿನ ಬೆಟ್ಟದಲ್ಲಿರುವುದು ಕುಮಾರಸ್ವಾಮಿ. ಅವನೇ ಗುಹ. 'ಗುರುಗುಹ' ಅಂಕಿತದವರು ಮುತ್ತುಸ್ವಾಮಿ ದೀಕ್ಷಿತರು. ತಿರುವಾರೂರಿನ ವಾಗ್ಗೇಯಕಾರರನ್ನು ಬಳ್ಳಾರಿ ಜಿಲ್ಲೆಯ ಬೆಟ್ಟದ ಮೂಲಕ ಹುಡುಕಿಸುವುದರಲ್ಲಿ ಒಂದು ಮಜಾ ಇದೆ. ಹಾಗೆಯೇ: "ರಾಯಚೂರಿನಲ್ಲಿ ನಾಟಕ ನೋಡಲು ಹೋದರೆ ಯಾವ ಹಿಂದುಸ್ತಾನಿ ಗಾಯಕರ ಹೆಸರಿನ ಕೆಳಗೆ ಹಾದು ಒಳಗೆ ಹೋಗುತ್ತೀರಿ?" ರಂಗಮಂದಿರದ ಬೋರ್ಡು ನೋಡಿದವರಿಗೆ ಸಿದ್ಧರಾಮ ಜಂಬಲದಿನ್ನಿ ನೆನಪಾಗುತ್ತಾರೆ.

ಕೊಂಡಿಯ ಒಗಟಿಗೆ ದುಡ್ಡು ಬೇಡ, ಹೊತ್ತು ಬೇಕು. ನಾಲ್ಕು ಸಂಗತಿಯನ್ನೂ ಪುಸ್ತಕ ನೋಡಿ ಖಾತ್ರಿ ಮಾಡಿಕೊಳ್ಳಬೇಕು, ಒಂದು ತಪ್ಪಿದರೂ ಕೊಂಡಿ ಕಳಚುತ್ತದೆ. ಮೊಬೈಲಿನಲ್ಲಿ ಬಿಡಿ ಬಿಡಿಯಾಗಿ ಎಲ್ಲ ಸಿಗುತ್ತದೆ, ಕೊಂಡಿ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊಬೈಲ್ ಬಿಟ್ಟು ಆಡಿಸಲೇಬೇಕು ಅನ್ನುವ ಹಟ ಇಲ್ಲಿ ಬೇಡ. ಸುಳಿವುಗಳನ್ನು ಕಷ್ಟದ್ದರಿಂದ ಸುಲಭದ್ದಕ್ಕೆ ಒಂದೊಂದೇ ಬಿಡಿ. ಹಂಪಿಯನ್ನು ಮೊದಲೇ ಹೇಳಿದರೆ ಆಟ ಮುಗಿಯಿತು.

ಕೇಳಿಸುವ ಒಗಟು

ಸ್ಪೀಕರಿನಲ್ಲಿ ಹತ್ತು ಸೆಕೆಂಡ್ ಹಾಡು ಹಾಕಿ ರಾಗ ಯಾವುದು ಅಂತ ಕೇಳುವುದು ಎಲ್ಲರಿಗೂ ಮೊದಲು ಹೊಳೆಯುವ ಬಗೆ. ನನಗೆ ಅಷ್ಟು ಇಷ್ಟವಿಲ್ಲ. ಹಾಡು ಗುರುತಿಸುವ ಆ್ಯಪ್‌ಗಳು ಎಷ್ಟೋ ರೆಕಾರ್ಡಿಂಗನ್ನು ಹಿಡಿದುಬಿಡುತ್ತವೆ. ಪೆಂಡಾಲಿನ ಗದ್ದಲದಲ್ಲಿ ಆಲಾಪ ಕೇಳಿಸುವುದೂ ಇಲ್ಲ. ಸ್ಪೀಕರ್ ಬಾಡಿಗೆ ಬೇರೆ.

ಅದರ ಬದಲು ಭಜನಾ ಮಂಡಳಿಯ ಹಾರ್ಮೋನಿಯಂ ತನ್ನಿ. ಬಿಳಿ ಕೀ ಒಂದನ್ನೂ ಮುಟ್ಟದೆ, ಐದು ಕಪ್ಪು ಕೀಗಳಲ್ಲೇ ಐದು ರಾಗ ನುಡಿಸಬಹುದು. ಮೂರು ಒಟ್ಟಿಗಿರುವ ಕಪ್ಪು ಕೀಗಳಲ್ಲಿ ಮೊದಲನೆಯದನ್ನು, ಅಂದರೆ ಕಪ್ಪು ಮೂರನ್ನು, ಸ ಅಂತ ಹಿಡಿದರೆ ಮೋಹನ. ಅದರ ಪಕ್ಕದ ಕಪ್ಪು ನಾಲ್ಕನ್ನು ಸ ಮಾಡಿಕೊಂಡರೆ ಮಧ್ಯಮಾವತಿ. ಕಪ್ಪು ಐದರಿಂದ ಹಿಂದೋಳ, ಅಂದರೆ ಮಾಲಕಂಸ. ಕಪ್ಪು ಒಂದರಿಂದ ಶುದ್ಧ ಸಾವೇರಿ, ಹಿಂದುಸ್ತಾನಿಯವರ ದುರ್ಗಾ. ಕಪ್ಪು ಎರಡರಿಂದ ಶುದ್ಧ ಧನ್ಯಾಸಿ. ಕೀಗಳು ಅವೇ ಐದು, ಬದಲಾದದ್ದು ಸ ಒಂದೇ. ಗ್ರಹಭೇದ ಅನ್ನುವುದು ಇದಕ್ಕೇ.

ಆಡಿಸುವ ರೀತಿ ಹೀಗೆ. ಕೆಳಗೆ ಆಯಾ ರಾಗದ ಸ ಅನ್ನು ಶ್ರುತಿಯಾಗಿ ಒಂದೇ ಸಮನೆ ಹಿಡಿದು ಮೋಹನ ನುಡಿಸಿ, ಎಲ್ಲರೂ ಗುರುತಿಸಲಿ. ಆಮೇಲೆ ಶ್ರುತಿ ಬದಲಿಸಿ ಅದೇ ಕೀಗಳಲ್ಲಿ ಮಾಲಕಂಸ ನುಡಿಸಿ. "ಬೆರಳು ಮನಿ ಬಿಟ್ಟು ಹೋಗಿಲ್ಲ, ರಾಗ ಯಾಕೆ ಬದಲಾಯಿತು?" ಅಂತ ಕೇಳಿ. ಸಂಗೀತ ಬಾರದವರೂ ಮುಂದೆ ಬಂದು ಕೀ ನೋಡುತ್ತಾರೆ. ಎರಡೂ ಪದ್ಧತಿಯವರು ಒಟ್ಟಿಗೆ ಉತ್ತರ ಹೇಳಬಹುದು, ಅವರವರ ಹೆಸರಿನಲ್ಲಿ. ಎರಡೂ ಹೆಸರನ್ನು ಸರಿ ಅಂತ ಒಪ್ಪುವುದಾಗಿ ಮೊದಲೇ ಹೇಳಿ.

ಒಂದು ಮಿತಿ: ಹಾರ್ಮೋನಿಯಂನಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಬರುವುದಿಲ್ಲ. ಕರ್ನಾಟಕದ ತೋಡಿ, ಭೈರವಿಯಂಥ ರಾಗಗಳನ್ನು ಇದರಲ್ಲಿ ನುಡಿಸಿ ಗುರುತಿಸಿ ಅಂದರೆ ನುಡಿಸಿದವರಿಗೂ ಅವಮಾನ, ರಾಗಕ್ಕೂ ಅವಮಾನ. ನೇರ ಸ್ವರದ ಐದು ಸ್ವರದ ರಾಗಗಳೇ ಸರಿ. ನುಡಿಸುವವರು ಒಬ್ಬರು ಬೇಕು ಅನ್ನುವುದೇ ದೊಡ್ಡ ಖರ್ಚು. ಕೊಪ್ಪಳದ ಹಳ್ಳಿಗಳಲ್ಲಿ ಆ ಖರ್ಚೂ ಇಲ್ಲ ಬಿಡಿ.

ಪದಬಂಧ, ಚಿತ್ರ

ಪದಬಂಧ ಎಲ್ಲರಿಗೂ ಪರಿಚಯ. ಒಂದು ಉತ್ತರ ಇನ್ನೊಂದನ್ನು ಕಾಯುವುದರಿಂದ ಜಗಳ ಕಡಿಮೆ. ಹಂ, ಸ, ಧ್ವ, ನಿ ನಾಲ್ಕು ಮನೆ, ಮಾಯಾಮಾಳವಗೌಳ ಏಳು ಮನೆ. ಒತ್ತಕ್ಷರಕ್ಕೂ ಒಂದೇ ಮನೆ. ಆದರೆ ಹೆಣೆಯಲು ಕೂತರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಜೆರಾಕ್ಸ್ ಖರ್ಚೂ ಇದೆ. ಶಾಲೆಗೆ ಚೆನ್ನ, ಪೆಂಡಾಲಿಗೆ ಬೇಡ. ಚಿತ್ರದ ಒಗಟು ಸಣ್ಣ ಮಕ್ಕಳಿಗೆ: ಹಂಸದ ಚಿತ್ರ, ಪಕ್ಕದಲ್ಲಿ ಧ್ವನಿವರ್ಧಕದ ಚಿತ್ರ. ಅದಕ್ಕಿಂತ ಜಾಸ್ತಿ ಹೇಳುವುದಕ್ಕೇನಿಲ್ಲ.

ಹಾಗಾದರೆ ನೀವು ಯಾವುದು ತಗೊಳ್ಳಬೇಕು?

ಗಣೇಶನ ಪೆಂಡಾಲು, ನೂರು ಜನ, ಕೈಯಲ್ಲಿ ದುಡ್ಡಿಲ್ಲ: ಸ್ವರ ಕಳೆದ ಒಗಟೇ ಬೆನ್ನೆಲುಬು. ನಡುನಡುವೆ ಕಾಫಿ, ತೋಡಿ ಥರದ್ದು ಒಂದೆರಡು. ಹಂಸಧ್ವನಿಯಿಂದ ಶುರು ಮಾಡಿ, ರೈಲಿನ ಒಗಟನ್ನು ಕೊನೆಗೆ ಇಡಿ. ಹಾರ್ಮೋನಿಯಂ ಸಿಕ್ಕರೆ ಒಂದು ಸುತ್ತು ಅದಕ್ಕೆ ಕೊಡಿ. ಕರೆಂಟ್ ಹೋದರೂ ಆ ಸುತ್ತು ನಿಲ್ಲುವುದಿಲ್ಲ.

ಕರ್ನಾಟಕ ಸಂಗೀತ ಶಾಲೆ: ಸಣ್ಣವರಿಗೆ ಚಿತ್ರ ಮತ್ತು ಸ್ವರ, ದೊಡ್ಡವರಿಗೆ ಸಂಖ್ಯೆ. ಹಾಳೆಗೆ ಖರ್ಚು ಮಾಡಲು ತಯಾರಿದ್ದರೆ ಪದಬಂಧ. ಹಿಂದುಸ್ತಾನಿ ಶಾಲೆಯಾದರೆ ಸಂಖ್ಯೆಯನ್ನು ಪೂರ್ತಿ ಬಿಟ್ಟು ಆ ಜಾಗಕ್ಕೆ ಕಪ್ಪು ಕೀಗಳನ್ನು ತನ್ನಿ.

ದಾಸರ ಪದ ಹಾಡುವ ಮಂಡಳಿ: ಕೊಂಡಿ, ಕೊಂಡಿ, ಕೊಂಡಿ. ಅಂಕಿತ ಅವರ ನಾಲಗೆ ಮೇಲಿದೆ. ವಾದಿರಾಜರ ಹಯವದನ, ಶ್ರೀಪಾದರಾಜರ ರಂಗವಿಠಲ, ವ್ಯಾಸರಾಜರ ಶ್ರೀಕೃಷ್ಣ, ಎಲ್ಲಕ್ಕೂ ಅವರ ಬಳಿ ಉತ್ತರ ಇದೆ. ರಾಗದ ಹೆಸರು ಕೇಳಿ ಅವರನ್ನು ಹಿಂದಕ್ಕೆ ಸರಿಸಬೇಡಿ.

ವಾಟ್ಸಾಪ್ ಗುಂಪು: ಬರೆದು ತೋರಿಸುವುದರಿಂದ ಅಡಗಿಸುವ ಒಗಟಿಗೆ ಇದೇ ಸರಿಯಾದ ಜಾಗ. ಬೆಳಿಗ್ಗೆ ಒಗಟು, ರಾತ್ರಿ ಉತ್ತರ. ಉತ್ತರ ಗುಂಪಿನಲ್ಲಿ ಹಾಕದೆ ನಿಮಗೊಬ್ಬರಿಗೇ ಕಳಿಸಲು ಹೇಳಿ. ಇಲ್ಲದಿದ್ದರೆ ಐದು ಗಂಟೆಗೆ ಏಳುವ ಒಬ್ಬರೇ ದಿನಾ ಗೆಲ್ಲುತ್ತಾರೆ.

ಯಾವುದನ್ನೇ ಆರಿಸಿದರೂ ಬರೆಯುವ ಕ್ರಮ ಒಂದೇ. ಮೊದಲು ಉತ್ತರ ಇಟ್ಟುಕೊಳ್ಳಿ, ಅದರಿಂದ ಹಿಂದಕ್ಕೆ ನಡೆದು ಒಗಟು ಕಟ್ಟಿ. ಉತ್ತರ ಯಾಕೆ ಸರಿ ಅನ್ನುವುದನ್ನು ಎರಡು ಸಾಲಿನಲ್ಲಿ ಚೀಟಿಯ ಹಿಂದೆ ಬರೆಯಿರಿ. ಎರಡು ಸಾಲಿನಲ್ಲಿ ಮುಗಿಯದಿದ್ದರೆ ಒಗಟು ಜಾಳಾಗಿದೆ ಅಂತ ಅರ್ಥ. ಹಬ್ಬಕ್ಕೆ ಮುಂಚೆ ನಿಮ್ಮ ಪದ್ಧತಿಯವರಲ್ಲದ ಒಬ್ಬರಿಗೆ ಕೊಟ್ಟು ನೋಡಿ. ಕರ್ನಾಟಕದವರು ಬರೆದದ್ದನ್ನು ತಬಲಾದವರಿಗೆ ಕೊಡಿ, ಹಿಂದುಸ್ತಾನಿಯವರು ಬರೆದದ್ದನ್ನು ವೀಣೆಯವರಿಗೆ ಕೊಡಿ. ಅವರು ಬೇರೆ ಉತ್ತರ ತಂದರೆ ವಾದ ಮಾಡಬೇಡಿ, ಒಗಟು ತಿದ್ದಿ. ಪ್ರತಿ ಒಗಟಿಗೂ ಎರಡು ಹೆಚ್ಚುವರಿ ಸುಳಿವು ಜೇಬಿನಲ್ಲಿರಲಿ. ಮೊದಲನೆಯದನ್ನು ಒಂದು ನಿಮಿಷ ಮೌನವಾದರೆ ಕೊಡಿ, ಎರಡನೆಯದನ್ನು ಮಕ್ಕಳು ಎದ್ದು ಪ್ರಸಾದದ ಕಡೆ ಹೊರಟರೆ ಕೊಡಿ.